ಸ್ಟಾಕ್ ಕಾರ್ ರೇಸಿಂಗ್‌ನ ಆರಂಭದ ದಿನಗಳು ಮತ್ತು ಅಭಿಮಾನಿಗಳ ನೆನಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ 1930ರ ದಶಕದಲ್ಲಿ ಕುಡಿಯೊಡೆದು 1960ರ ದಶಕದ ಹೊತ್ತಿಗೆ ದೊಡ್ಡ ಕ್ರೀಡೆಯಾಗಿ ಬೆಳೆದ ಸ್ಟಾಕ್ ಕಾರ್ ರೇಸಿಂಗ್ ಬಗ್ಗೆ ಆಸಕ್ತರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಲಾಗಿದೆ. ಆ ಕಾಲದ ದಾಖಲೆಗಳು ಅಲ್ಲಲ್ಲಿ ಹರಿದುಹೋಗಿರುವುದರಿಂದ, ಬೇಲಿಯ ಪಕ್ಕದಲ್ಲಿ ನಿಂತು ಪಂದ್ಯ ನೋಡಿದವರ ನೆನಪುಗಳಿಗೆ ಈ ಚರಿತ್ರೆಯಲ್ಲಿ ವಿಶೇಷ ಬೆಲೆಯಿದೆ. ಹಾಗಾಗಿ ಉತ್ತರಗಳಲ್ಲಿ ದಾಖಲೆ ಮತ್ತು ನೆನಪು ಎರಡಕ್ಕೂ ಜಾಗ ಕೊಡಲಾಗಿದೆ.

‘ಸ್ಟಾಕ್ ಕಾರ್’ ಎಂದರೆ ಯಾವ ಬಗೆಯ ಕಾರು?

ಕಾರ್ಖಾನೆಯಿಂದ ಬಂದು ಅಂಗಡಿಯಲ್ಲಿ ಮಾರಾಟವಾಗುವ, ಯಾರು ಬೇಕಾದರೂ ಕೊಂಡು ಮನೆಗೆ ಓಡಿಸಿಕೊಂಡು ಹೋಗಬಹುದಾದ ಮಾಮೂಲಿ ಕಾರು. ಇಂಡಿಯಾನಾಪೊಲಿಸ್‌ನಂಥ ಕಡೆ ಓಡುತ್ತಿದ್ದ, ರೇಸಿಗೆಂದೇ ಕಟ್ಟಿದ ದುಬಾರಿ ಗಾಡಿಗಳಿಂದ ಇವನ್ನು ಬೇರೆಯಾಗಿ ಗುರುತಿಸಲು ಈ ಹೆಸರು ಬಂತು. ನಿನ್ನೆ ಸಂತೆಗೆ ಹೋಗಿಬಂದ ಕಾರಿನಂಥದೇ ಕಾರು ಇವತ್ತು ಟ್ರ್ಯಾಕಿನಲ್ಲಿ ಓಡುವುದನ್ನು ಕಂಡ ರೈತರಿಗೂ ಬಟ್ಟೆ ಗಿರಣಿಯ ಕಾರ್ಮಿಕರಿಗೂ ಅದು ತಮ್ಮದೇ ಆಟ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಕ್ರೀಡೆ ಕಳ್ಳಭಟ್ಟಿ ಸಾಗಿಸುವವರಿಂದ ಹುಟ್ಟಿತು ಎನ್ನುವುದು ನಿಜವೇ?

ಬಹುಮಟ್ಟಿಗೆ ನಿಜ, ಆದರೆ ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ನಿಷೇಧ ತೆರವಾದ ಮೇಲೂ ದಕ್ಷಿಣದ ಅನೇಕ ಕೌಂಟಿಗಳು (ಜಿಲ್ಲೆಯಂಥ ಆಡಳಿತ ಘಟಕಗಳು) ಮದ್ಯಮಾರಾಟವನ್ನು ತಡೆಹಿಡಿದಿದ್ದವು. ಜೊತೆಗೆ ಅಬಕಾರಿ ಸುಂಕದ ಭಾರವೂ ಇತ್ತು. ನಾರ್ತ್ ಕ್ಯಾರೊಲೈನಾದ ವಿಲ್ಕ್ಸ್ ಕೌಂಟಿ, ಜಾರ್ಜಿಯಾದ ಡಾಸನ್‌ವಿಲ್ ಮುಂತಾದ ಗುಡ್ಡಗಾಡಿನಲ್ಲಿ ಬೇಸಾಯದಿಂದ ಹೊಟ್ಟೆ ತುಂಬದ ಕುಟುಂಬಗಳು ಕಾಡಿನೊಳಗೆ ಭಟ್ಟಿ ಇಳಿಸುತ್ತಿದ್ದವು. ಆ ಸಾರಾಯಿಯನ್ನು ರಾತ್ರೋರಾತ್ರಿ ಅಟ್ಲಾಂಟಾದಂಥ ಊರುಗಳಿಗೆ ಮುಟ್ಟಿಸಲು ಅಬಕಾರಿ ಅಧಿಕಾರಿಗಳ ಕಾರಿಗಿಂತ ವೇಗವಾದ ಕಾರು, ಅದನ್ನು ಅಂಕುಡೊಂಕಿನ ಮಣ್ಣು ರಸ್ತೆಯಲ್ಲಿ ದೀಪ ಆರಿಸಿಕೊಂಡು ಓಡಿಸಬಲ್ಲ ಚಾಲಕ, ಎರಡೂ ಬೇಕಾಗಿದ್ದವು.

1932ರಲ್ಲಿ ಬಂದ ಫೋರ್ಡ್ ವಿ-8 ಎಂಜಿನ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. 1939 ಮತ್ತು 1940ರ ಫೋರ್ಡ್ ಕೂಪೆಗಳಿಗಂತೂ (ಎರಡು ಬಾಗಿಲಿನ ಕಾರುಗಳು) ಸಾಗಣೆದಾರರಲ್ಲಿ ಇನ್ನಿಲ್ಲದ ಬೇಡಿಕೆ. ಹಿಂದೆ ಸರಕು ತುಂಬಿದಾಗ ಗಾಡಿ ಕುಗ್ಗಿದರೆ ಪೊಲೀಸರಿಗೆ ಸಂಶಯ ಬರುತ್ತಿತ್ತು. ಅದಕ್ಕಾಗಿ ಹಿಂಬದಿಯ ಸ್ಪ್ರಿಂಗ್‌ಗಳನ್ನು ಬಿಗಿ ಮಾಡಿಸುತ್ತಿದ್ದರು. ಆ ಬಿಗಿ ಸ್ಪ್ರಿಂಗ್ ರೇಸ್ ಟ್ರ್ಯಾಕಿನ ತಿರುವುಗಳಲ್ಲೂ ಉಪಕಾರಕ್ಕೆ ಬಂತು. ಅಟ್ಲಾಂಟಾದ ಕಾರು ಮಾಲೀಕ ರೇಮಂಡ್ ಪಾರ್ಕ್ಸ್, ಅವರ ಮೆಕ್ಯಾನಿಕ್ ರೆಡ್ ವೋಗ್ಟ್, ಚಾಲಕರಾದ ಲಾಯ್ಡ್ ಸೀ ಮತ್ತು ರಾಯ್ ಹಾಲ್ ಈ ಲೋಕದಿಂದಲೇ ಬಂದವರು.

ಆದರೂ ಎಲ್ಲರನ್ನೂ ಕಳ್ಳಭಟ್ಟಿಯ ಲೆಕ್ಕಕ್ಕೆ ಹಾಕುವುದು ಅನ್ಯಾಯ. ಗ್ಯಾರೇಜ್ ಮೆಕ್ಯಾನಿಕ್‌ಗಳು, ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರು, ರೈತರು, ತಮ್ಮ ಜಮೀನಿನಲ್ಲಿ ಕೈಯಿಂದ ದುಡ್ಡು ಹಾಕಿ ಟ್ರ್ಯಾಕ್ ಕಟ್ಟಿಸಿದ ಸಣ್ಣ ಉದ್ಯಮಿಗಳು ಇಲ್ಲದೆ ಹೋಗಿದ್ದರೆ ರೋಚಕ ಕಥೆಗಳು ಉಳಿಯುತ್ತಿದ್ದವು, ಕ್ರೀಡೆ ಉಳಿಯುತ್ತಿರಲಿಲ್ಲ.

ಡೇಟೋನಾದ ಕಡಲತೀರದಲ್ಲಿ ರೇಸ್ ನಡೆಸಿದ್ದೇಕೆ?

ಫ್ಲಾರಿಡಾದ ಡೇಟೋನಾ ಬೀಚಿನ ಮರಳು ನೀರಿಳಿದಾಗ ಕಲ್ಲಿನಂತೆ ಗಟ್ಟಿಯಾಗುತ್ತದೆ. ನೆಲದ ಮೇಲಿನ ವಾಹನವೇಗದ ದಾಖಲೆಗಳಿಗೆ ಅದು ಹೆಸರುವಾಸಿಯಾಗಿತ್ತು. 1935ರಲ್ಲಿ ಬ್ರಿಟನ್ನಿನ ಮಾಲ್ಕಮ್ ಕ್ಯಾಂಪ್‌ಬೆಲ್ ಅಲ್ಲಿ ಗಂಟೆಗೆ 276 ಮೈಲಿಗೂ ಹೆಚ್ಚಿನ ವೇಗ ಮುಟ್ಟಿದರು. ಅದೇ ವರ್ಷ ಅವರು ಯೂಟಾದ ಬಾನ್‌ವಿಲ್ ಉಪ್ಪುಬಯಲಿಗೆ ಹೋಗಿ 300 ಮೈಲಿಯ ಗಡಿ ದಾಟಿದಾಗ ಡೇಟೋನಾದ ಆಕರ್ಷಣೆ ಕಳೆಗುಂದಿತು. ಪ್ರವಾಸಿಗರನ್ನು ಉಳಿಸಿಕೊಳ್ಳಲು ನಗರಾಡಳಿತವು 1936ರ ಮಾರ್ಚ್ 8ರಂದು ಸ್ಟಾಕ್ ಕಾರ್ ಪಂದ್ಯ ಏರ್ಪಡಿಸಿತು. ಕಡಲ ಪಕ್ಕದ ಹೆದ್ದಾರಿಯಲ್ಲಿ ಒಂದು ದಿಕ್ಕಿಗೆ ಹೋಗಿ, ಮರಳಿನ ಮೇಲೆ ವಾಪಸಾಗುವ 3.2 ಮೈಲಿಯ ಸುತ್ತು ಅದು. ತಿರುವುಗಳಲ್ಲಿ ಮರಳು ಕಿತ್ತು ಗುಂಡಿ ಬಿದ್ದು, ಕಾರುಗಳು ಹೂತುಕೊಂಡವು; ನಿಗದಿತ ದೂರ ಮುಗಿಯುವ ಮೊದಲೇ ಪಂದ್ಯ ನಿಲ್ಲಿಸಬೇಕಾಯಿತು. ಮಿಲ್ಟ್ ಮೇರಿಯನ್ ಗೆದ್ದರು, ನಗರಕ್ಕೆ ಭಾರಿ ನಷ್ಟವಾಯಿತು. ಐದನೆಯವರಾಗಿ ಬಂದ ಮೆಕ್ಯಾನಿಕ್ ಬಿಲ್ ಫ್ರಾನ್ಸ್ ಮಾತ್ರ ಇದರಲ್ಲಿ ಭವಿಷ್ಯ ಕಂಡರು ಮತ್ತು 1938ರಿಂದ ಪಂದ್ಯದ ಆಯೋಜನೆಯನ್ನು ತಾವೇ ವಹಿಸಿಕೊಂಡರು.

ಈ ಕಡಲತೀರದ ಬಗ್ಗೆ ಹಳಬರು ಹೇಳುವ ನೆನಪುಗಳಲ್ಲಿ ಒಂದು ಬೋರ್ಡಿನ ಕಥೆ ತಪ್ಪದೆ ಬರುತ್ತದೆ. ಟಿಕೆಟ್ ಕೊಳ್ಳದೆ ಮರಳುದಿಬ್ಬಗಳ ಪೊದೆಯೊಳಗಿಂದ ನುಸುಳುವವರನ್ನು ತಡೆಯಲು ಫ್ರಾನ್ಸ್ ಅಲ್ಲಿ ‘ವಿಷದ ಗಿಲಕಿ ಹಾವುಗಳಿವೆ, ಎಚ್ಚರ’ ಎಂಬರ್ಥದ ಫಲಕಗಳನ್ನು ನೆಡಿಸಿದ್ದರು. ಇನ್ನೊಂದು, ಉಬ್ಬರದ ಹೊತ್ತು. ಪಂದ್ಯ ತಡವಾದರೆ ಕಡಲು ಟ್ರ್ಯಾಕನ್ನೇ ನುಂಗಲು ಬರುತ್ತಿದ್ದರಿಂದ ಆಯೋಜಕರು ಗಡಿಯಾರದಷ್ಟೇ ಉಬ್ಬರವಿಳಿತದ ಪಟ್ಟಿಯನ್ನೂ ನೋಡಬೇಕಿತ್ತು. ಉಪ್ಪುನೀರು, ಮರಳು ಎರಡೂ ಸೇರಿ ಮುಂದಿನ ಗಾಜು ಮಂಕಾಗುತ್ತಿದ್ದುದರಿಂದ ಚಾಲಕರು ಕಿಟಕಿಯಿಂದ ತಲೆ ಹೊರಹಾಕಿ ದಾರಿ ನೋಡುತ್ತಿದ್ದರು. ಮರಳಿನ ಕೊನೆಯ ಪಂದ್ಯ 1958ರಲ್ಲಿ ನಡೆಯಿತು.

ಸ್ಟಾಕ್ ಕಾರ್ ಪಂದ್ಯಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆ ಹೇಗೆ ಸ್ಥಾಪನೆಯಾಯಿತು?

ಯುದ್ಧದ ನಂತರ ಪಂದ್ಯಗಳು ಹೆಚ್ಚಾದವು, ಅವುಗಳ ಜೊತೆಗೆ ಮೋಸವೂ ಹೆಚ್ಚಾಯಿತು. ಪಂದ್ಯ ಮುಗಿಯುವಷ್ಟರಲ್ಲಿ ಗೇಟಿನ ಹಣದೊಂದಿಗೆ ಕಾಣೆಯಾಗುವ ಆಯೋಜಕರು, ಊರಿಗೊಂದು ನಿಯಮ, ಸಾಲದೆಂಬಂತೆ ಪ್ರತಿಯೊಬ್ಬರೂ ತಾವೇ ರಾಷ್ಟ್ರೀಯ ಚಾಂಪಿಯನ್ ಎಂದು ಹೇಳಿಕೊಳ್ಳುವ ಪರಿಸ್ಥಿತಿ. ಇದಕ್ಕೊಂದು ಕೊನೆ ಹಾಡಲು ಬಿಲ್ ಫ್ರಾನ್ಸ್ 1947ರ ಡಿಸೆಂಬರ್ 14ರಂದು ಡೇಟೋನಾದ ಸ್ಟ್ರೀಮ್‌ಲೈನ್ ಹೋಟೆಲಿನ ಮೇಲಂತಸ್ತಿನ ಬಾರಿನಲ್ಲಿ ಸಭೆ ಕರೆದರು. ಸಂಸ್ಥೆಗೆ ಹೆಸರು ಸೂಚಿಸಿದವರು ರೆಡ್ ವೋಗ್ಟ್. 1948ರ ಫೆಬ್ರವರಿ 15ರಂದು ಮೊದಲ ಪಂದ್ಯ ಕಡಲತೀರದಲ್ಲಿ ನಡೆದು, ಫೆಬ್ರವರಿ 21ರಂದು ಸಂಸ್ಥೆ ಕಾನೂನುಬದ್ಧವಾಗಿ ನೋಂದಣಿಯಾಯಿತು.

ಆ ಮೊದಲ ಪಂದ್ಯ ಗೆದ್ದ ರೆಡ್ ಬೈರನ್ ಬಗ್ಗೆ ಎರಡು ಮಾತು ಹೇಳಲೇಬೇಕು. ಯುದ್ಧದಲ್ಲಿ ಬಿ-24 ಬಾಂಬರ್ ವಿಮಾನದ ಸಿಬ್ಬಂದಿಯಾಗಿದ್ದ ಅವರ ಎಡಗಾಲು ತೀವ್ರವಾಗಿ ಗಾಯಗೊಂಡಿತ್ತು. ಆ ಕಾಲಿಗೆ ಲೋಹದ ಆಸರೆ ಕಟ್ಟಿ, ಅದನ್ನು ಕ್ಲಚ್ ಪೆಡಲಿಗೆ ಸೇರಿಸಿಕೊಂಡು ಅವರು ಕಾರು ಓಡಿಸಿದರು. 1949ರಲ್ಲಿ ಶುರುವಾದ, ಮಾರ್ಪಾಡಿಲ್ಲದ ಕಾರುಗಳ ಅಗ್ರಶ್ರೇಣಿಯ ಮೊದಲ ಚಾಂಪಿಯನ್ ಕೂಡ ಆದರು.

ಅಗ್ರಶ್ರೇಣಿಯ ಮೊದಲ ಪಂದ್ಯ ಯಾವುದು? ಅದರ ವಿಜೇತರ ಬಗ್ಗೆ ಗೊಂದಲವೇಕೆ?

1942ರಿಂದ ಯುದ್ಧ ಮುಗಿಯುವವರೆಗೆ ಅಮೆರಿಕದಲ್ಲಿ ಸಾರ್ವಜನಿಕರಿಗಾಗಿ ಕಾರುಗಳ ತಯಾರಿಕೆ ನಿಂತೇಹೋಗಿತ್ತು. ಯುದ್ಧಾನಂತರವೂ ಹೊಸ ಕಾರಿಗೆ ಜನ ಸರದಿಯಲ್ಲಿ ಕಾಯುತ್ತಿದ್ದಾಗ ಅಂಥ ಕಾರನ್ನು ರೇಸಿನಲ್ಲಿ ಜಖಂ ಮಾಡುವುದು ಯಾರಿಗೂ ರುಚಿಸುತ್ತಿರಲಿಲ್ಲ. ಆದ್ದರಿಂದ 1948ರಲ್ಲಿ ಹಳೆಯ, ಮಾರ್ಪಡಿಸಿದ ಕಾರುಗಳಷ್ಟೇ ಓಡಿದವು. 1949ರ ಜೂನ್ 19ರಂದು ಷಾರ್ಲಟ್‌ನ ಮುಕ್ಕಾಲು ಮೈಲಿಯ ಮಣ್ಣಿನ ಟ್ರ್ಯಾಕಿನಲ್ಲಿ, ಯಾವ ಮಾರ್ಪಾಡೂ ಇಲ್ಲದ ಕಾರುಗಳ ಮೊದಲ ಪಂದ್ಯ ನಡೆಯಿತು: 33 ಕಾರುಗಳು, 200 ಸುತ್ತುಗಳು, ವಿಜೇತರಿಗೆ 2,000 ಡಾಲರ್.

ಗೆರೆಯನ್ನು ಮೊದಲು ದಾಟಿದವರು ಗ್ಲೆನ್ ಡನವೇ. ಪರೀಕ್ಷೆಯಲ್ಲಿ ಅವರ ಫೋರ್ಡ್ ಕಾರಿನ ಹಿಂಬದಿ ಸ್ಪ್ರಿಂಗ್‌ಗಳನ್ನು ಅಗಲಿಸಿ ಬಿಗಿ ಮಾಡಿದ್ದು ಕಂಡುಬಂತು. ಸಾರಾಯಿ ಸಾಗಣೆಯವರ ಅದೇ ಹಳೆಯ ತಂತ್ರ. ಅವರನ್ನು ಅನರ್ಹಗೊಳಿಸಿ, ದೂರದ ಕ್ಯಾನ್ಸಸ್‌ನಿಂದ ಬಂದು ಲಿಂಕನ್ ಕಾರು ಓಡಿಸಿದ್ದ ಜಿಮ್ ರೋಪರ್ ಅವರನ್ನು ವಿಜೇತರೆಂದು ಘೋಷಿಸಲಾಯಿತು. ಡನವೇ ಓಡಿಸಿದ ಕಾರಿನ ಮಾಲೀಕರು ನ್ಯಾಯಾಲಯಕ್ಕೆ ಹೋದರೂ ದಾವೆ ವಜಾ ಆಯಿತು. ನಿಯಮ ಮಾಡುವ ಅಧಿಕಾರ ನಾಸ್ಕಾರ್‌ಗೆ ಇದೆ ಎಂಬುದು ಗಟ್ಟಿಯಾದದ್ದು ಅಲ್ಲಿಂದಲೇ ಎನ್ನಬಹುದು. ಅದೇ ಪಂದ್ಯದಲ್ಲಿ ಲೀ ಪೆಟ್ಟಿ, ಸ್ನೇಹಿತರಿಂದ ಕಡ ತಂದಿದ್ದ ಬ್ಯೂಯಿಕ್ ಕಾರನ್ನು ಪಲ್ಟಿ ಹೊಡೆಸಿದರು. ಅದನ್ನು ಕಣ್ಣಾರೆ ಕಂಡ ಅವರ ಹನ್ನೊಂದು ವರ್ಷದ ಮಗ ರಿಚರ್ಡ್ ಪೆಟ್ಟಿ ಮುಂದೆ ಈ ಕ್ರೀಡೆಯಲ್ಲಿ 200 ಪಂದ್ಯಗಳನ್ನು ಗೆದ್ದರು.

ಆ ಕಾಲದ ಪ್ರೇಕ್ಷಕರು ಹೆಚ್ಚಾಗಿ ಏನನ್ನು ನೆನೆಯುತ್ತಾರೆ?

ಮೊದಲಿಗೆ ಧೂಳು. ಕ್ಯಾರೊಲೈನಾ ಮತ್ತು ಜಾರ್ಜಿಯಾದ ಕೆಮ್ಮಣ್ಣಿನ ಟ್ರ್ಯಾಕಿಗೆ ಬೆಳಿಗ್ಗೆ ನೀರು ಹೊಡೆದಿದ್ದರೂ ಮಧ್ಯಾಹ್ನದ ಬಿಸಿಲಿಗೆ ಅದು ಒಣಗಿ, ಮೂವತ್ತು ಕಾರುಗಳ ಚಕ್ರಕ್ಕೆ ಸಿಕ್ಕು ಮೇಲೇಳುತ್ತಿತ್ತು. ಚರ್ಚ್ ಮುಗಿಸಿ ಭಾನುವಾರದ ಬಿಳಿ ಅಂಗಿಯಲ್ಲೇ ಬಂದವರು ಮನೆಗೆ ಮರಳುವಾಗ ಹುಬ್ಬಿನಿಂದ ಕಾಲರಿನವರೆಗೆ ಕೆಂಪಾಗಿರುತ್ತಿದ್ದರು. ಎರಡನೆಯ ತಿರುವಿನ ಹೊರಗೆ ನಿಂತವರಿಗೆ ಕಾರು ಕಾಣುವ ಮೊದಲು ಮಣ್ಣಿನ ಹೆಂಟೆ ಬಂದು ಬೀಳುತ್ತಿತ್ತು. ಆಸನವೆಂದರೆ ಹಲಗೆ, ಇಲ್ಲವೇ ಗುಡ್ಡದ ಇಳಿಜಾರು. ಪ್ರೇಕ್ಷಕರಿಗೂ ಟ್ರ್ಯಾಕಿಗೂ ನಡುವೆ ಅನೇಕ ಕಡೆ ಇದ್ದದ್ದು ತಂತಿಬೇಲಿ ಮಾತ್ರ.

ಆಮೇಲೆ ಸದ್ದು. ಎಂಜಿನ್ ಕಾಣದಿದ್ದರೂ ಸದ್ದಿನ ಮೇಲೆ ಇದು ಫೋರ್ಡ್, ಇದು ಹಡ್ಸನ್, ಇದು ಓಲ್ಡ್ಸ್‌ಮೊಬೀಲ್ ಎಂದು ಹೇಳುತ್ತಿದ್ದ ಹುಡುಗರಿದ್ದರು. ಚಾಲಕರು ಜನರ ಕೈಗೆ ಎಟುಕುವಷ್ಟು ಹತ್ತಿರದವರಾಗಿದ್ದರು ಎಂಬುದೂ ಇಂಥ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ: ಪಂದ್ಯ ಮುಗಿದ ಮೇಲೆ ಬೇಲಿ ದಾಟಿ ಹೋದರೆ, ಬಾನೆಟ್ ತೆರೆದು ಕೂತ ಚಾಲಕ ಎಂಜಿನ್ ತೋರಿಸುತ್ತಲೇ ಮಾತಿಗಿಳಿಯುತ್ತಿದ್ದ. ನನ್ನ ದೃಷ್ಟಿಯಲ್ಲಿ ಈ ಹತ್ತಿರದ ಒಡನಾಟವೇ ಆ ಪೀಳಿಗೆಯ ನಿಷ್ಠೆಗೆ ಮೂಲ.

ಪಂದ್ಯದಲ್ಲಿ ಗೆದ್ದವರು ಯಾರೆಂಬ ಜಗಳ ಅಷ್ಟೊಂದು ಸಲ ಆಗುತ್ತಿದ್ದುದು ಏಕೆ?

ಸುತ್ತುಗಳನ್ನು ಕೈಯಿಂದ ಎಣಿಸುತ್ತಿದ್ದರು. ಪ್ರತಿ ಕಾರಿಗೂ ಒಬ್ಬರಂತೆ, ಅನೇಕ ವೇಳೆ ಚಾಲಕರ ಹೆಂಡತಿಯೋ ಅಕ್ಕತಂಗಿಯರೋ, ಗಡಿಯಾರ ನೋಡುತ್ತಾ ತಮ್ಮ ಕಾರು ಗೆರೆ ದಾಟಿದಾಗಲೆಲ್ಲ ಚೀಟಿಯಲ್ಲಿ ಸಮಯ ಬರೆಯಬೇಕಿತ್ತು. ಧೂಳಿನಲ್ಲಿ ಕಾರಿನ ನಂಬರು ಕಾಣದಿದ್ದರೆ, ಅಪಘಾತದ ಕಡೆ ಒಮ್ಮೆ ಕಣ್ಣು ಹೊರಳಿದರೆ, ಒಂದು ಸುತ್ತು ಕೈಬಿಟ್ಟುಹೋಗುತ್ತಿತ್ತು. ಹಾಗಾಗಿ ಬಾವುಟ ಬಿದ್ದ ಮೇಲೂ ಚೀಟಿಗಳನ್ನು ತಾಳೆ ನೋಡುವ ಕೆಲಸ ಗಂಟೆಗಟ್ಟಲೆ ನಡೆಯುತ್ತಿತ್ತು. ಅಷ್ಟರಲ್ಲಿ ಜನ ತಮ್ಮ ಕಣ್ಣಿಗೆ ಕಂಡ ವಿಜೇತನನ್ನೇ ಮನಸ್ಸಿನಲ್ಲಿಟ್ಟುಕೊಂಡು ಮನೆ ಸೇರಿರುತ್ತಿದ್ದರು. ಪ್ರೇಕ್ಷಕರ ನೆನಪು ಮತ್ತು ಅಧಿಕೃತ ಪಟ್ಟಿ ಎರಡೂ ಪ್ರಾಮಾಣಿಕವಾಗಿದ್ದೂ ಬೇರೆ ಬೇರೆ ಹೇಳುವುದಕ್ಕೆ ಇದೇ ಮುಖ್ಯ ಕಾರಣ.

1959ರ ಜೂನ್ 14ರಂದು ಅಟ್ಲಾಂಟಾದ ಲೇಕ್‌ವುಡ್ ಟ್ರ್ಯಾಕಿನಲ್ಲಿ ರಿಚರ್ಡ್ ಪೆಟ್ಟಿಗೆ ವಿಜೇತರ ಬಾವುಟ ಬಿತ್ತು. ಅದು ಅವರ ಮೊದಲ ಗೆಲುವಾಗುತ್ತಿತ್ತು. ಎರಡನೆಯ ಸ್ಥಾನದವರು ತಕರಾರು ಎತ್ತಿದರು, ಸುತ್ತುಗಳನ್ನು ಮತ್ತೆ ಎಣಿಸಲಾಯಿತು, ತಕರಾರು ಸರಿಯೆಂದು ತೀರ್ಮಾನವಾಗಿ ಗೆಲುವು ಅವರ ಪಾಲಾಯಿತು. ತಕರಾರು ಎತ್ತಿದವರು ರಿಚರ್ಡ್ ಅವರ ತಂದೆ ಲೀ ಪೆಟ್ಟಿ.

ಅದೇ ವರ್ಷದ ಫೆಬ್ರವರಿ 22ರಂದು ಹೊಸ ಡೇಟೋನಾ ಸ್ಪೀಡ್‌ವೇಯ ಮೊದಲ 500 ಮೈಲಿ ಪಂದ್ಯದಲ್ಲೂ ಇಂಥದೇ ಪ್ರಸಂಗ ನಡೆದಿತ್ತು. ಮೂರು ಕಾರುಗಳು ಅಕ್ಕಪಕ್ಕದಲ್ಲೇ ಗೆರೆ ದಾಟಿದವು. ಅವುಗಳಲ್ಲಿ ಜೋ ವೆದರ್ಲಿ ಅವರದು ಸುತ್ತಿನಲ್ಲಿ ಹಿಂದೆ ಬಿದ್ದಿದ್ದ ಕಾರು. ಜಾನಿ ಬೋಶಾಂಪ್ ಗೆದ್ದರೆಂದು ಘೋಷಿಸಲಾಯಿತು. ಛಾಯಾಚಿತ್ರಗಳನ್ನೂ ವಾರ್ತಾಚಿತ್ರದ ತುಣುಕನ್ನೂ ತರಿಸಿ ನೋಡಿದ ಮೇಲೆ, ಮೂರು ದಿನ ಕಳೆದು, ಗೆದ್ದವರು ಲೀ ಪೆಟ್ಟಿ ಎಂದು ಬಿಲ್ ಫ್ರಾನ್ಸ್ ತಿಳಿಸಿದರು.

ವೆಂಡೆಲ್ ಸ್ಕಾಟ್ ಅವರ ಗೆಲುವಿನ ವಿಷಯದಲ್ಲಿ ನಡೆದದ್ದೂ ಎಣಿಕೆಯ ತಪ್ಪೇ?

ಅಧಿಕೃತವಾಗಿ ಹಾಗೆಂದು ಹೇಳಲಾಯಿತು. ಅದನ್ನು ಹಾಗೆಯೇ ಒಪ್ಪಿಕೊಳ್ಳುವುದು ಕಷ್ಟ. ವರ್ಜೀನಿಯಾದ ಡ್ಯಾನ್‌ವಿಲ್‌ನ ಸ್ಕಾಟ್ ಯುದ್ಧಕಾಲದಲ್ಲಿ ಸೇನೆಯ ಮೆಕ್ಯಾನಿಕ್ ಆಗಿದ್ದವರು. ಆಮೇಲೆ ಸಾರಾಯಿ ಸಾಗಣೆಯಲ್ಲೂ ಪಳಗಿ, 1952ರಲ್ಲಿ ರೇಸಿಗೆ ಇಳಿದರು. ಜನಾಂಗೀಯ ಪ್ರತ್ಯೇಕತೆ ಕಾನೂನಾಗಿದ್ದ ದಕ್ಷಿಣದಲ್ಲಿ ಕಪ್ಪುವರ್ಣೀಯ ಚಾಲಕರೊಬ್ಬರು ತಮ್ಮ ಮಕ್ಕಳನ್ನೇ ಸಹಾಯಕರನ್ನಾಗಿ ಇಟ್ಟುಕೊಂಡು, ಇತರರು ಬಳಸಿ ಬಿಟ್ಟ ಭಾಗಗಳಿಂದ ಕಾರು ಕಟ್ಟಿ, ಊರೂರು ಸುತ್ತಿ ಸ್ಪರ್ಧಿಸುವುದೆಂದರೆ ಸಣ್ಣ ಮಾತಲ್ಲ. ಕೆಲವು ಟ್ರ್ಯಾಕುಗಳು ಅವರನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ.

1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಅವರು ಎಲ್ಲರಿಗಿಂತ ಎರಡು ಸುತ್ತು ಮುಂದಿದ್ದರು. ಆದರೂ ಬಕ್ ಬೇಕರ್ ಅವರನ್ನು ವಿಜೇತರೆಂದು ಕರೆದು ಟ್ರೋಫಿ ಕೊಡಲಾಯಿತು. ಗಂಟೆಗಳು ಕಳೆದು, ಜನರೆಲ್ಲ ಚದುರಿದ ಮೇಲೆ, ಗೆದ್ದವರು ಸ್ಕಾಟ್ ಎಂದು ಅಧಿಕಾರಿಗಳು ಒಪ್ಪಿದರು. ಬಿಳಿಯರ ಸಭೆಯ ಮುಂದೆ ಕಪ್ಪುವರ್ಣೀಯ ವಿಜೇತರಿಗೆ ಸನ್ಮಾನ ಮಾಡುವುದನ್ನು ತಪ್ಪಿಸಲೆಂದೇ ಹೀಗೆ ಮಾಡಿದರು ಎಂದು ಸ್ಕಾಟ್ ಕುಟುಂಬ ಹೇಳುತ್ತಾ ಬಂದಿದೆ. ಎರಡು ಸುತ್ತುಗಳ ಅಂತರವನ್ನು ಗಮನಿಸಿದರೆ ಆ ಮಾತಿಗೇ ತೂಕ ಹೆಚ್ಚು. ಸ್ಕಾಟ್ 1990ರಲ್ಲಿ ತೀರಿಕೊಂಡರು. ಆ ಗೆಲುವಿನ ಗೌರವವಾಗಿ ನಾಸ್ಕಾರ್ ಅವರ ಕುಟುಂಬಕ್ಕೆ ಟ್ರೋಫಿ ನೀಡಿದ್ದು 2021ರಲ್ಲಿ.

ಆರಂಭದಲ್ಲಿ ಮಹಿಳೆಯರು ಭಾಗವಹಿಸಿದ್ದರೇ?

1949ರ ಮೊದಲ ಪಂದ್ಯದಿಂದಲೇ ಭಾಗವಹಿಸಿದ್ದರು. ಅಟ್ಲಾಂಟಾದ ಸಾರಾ ಕ್ರಿಶ್ಚಿಯನ್ ಅಂದು ಓಡಿಸಿದರು. ಅದೇ ವರ್ಷ ಪಿಟ್ಸ್‌ಬರ್ಗ್ ಬಳಿಯ ಹೈಡಲ್‌ಬರ್ಗ್‌ನಲ್ಲಿ ಅವರು ಪಡೆದ ಐದನೆಯ ಸ್ಥಾನ ಅಗ್ರಶ್ರೇಣಿಯಲ್ಲಿ ಮಹಿಳೆಯೊಬ್ಬರ ಅತ್ಯುತ್ತಮ ಸ್ಥಾನವಾಗಿ ದಶಕಗಳ ಕಾಲ ಉಳಿದಿದೆ. ಎಥೆಲ್ ಮೋಬ್ಲಿ ತಮ್ಮ ಮೂವರು ಅಣ್ಣತಮ್ಮಂದಿರಾದ ಬಾಬ್, ಫಾಂಟಿ ಮತ್ತು ಟಿಮ್ ಫ್ಲಾಕ್ ಅವರ ಎದುರಿಗೇ ಸ್ಪರ್ಧಿಸಿದರು. ಸೌತ್ ಕ್ಯಾರೊಲೈನಾದ ಲೂಯೀಸ್ ಸ್ಮಿತ್ ಅವರ ಕಥೆಯನ್ನು ಅಭಿಮಾನಿಗಳು ಬಹಳ ಪ್ರೀತಿಯಿಂದ ಹೇಳುತ್ತಾರೆ: ಗಂಡನ ಹೊಸ ಫೋರ್ಡ್ ಕಾರನ್ನು ಡೇಟೋನಾಕ್ಕೆ ಒಯ್ದು ರೇಸಿನಲ್ಲಿ ನುಜ್ಜುಗುಜ್ಜು ಮಾಡಿ, ಬಸ್ಸಿನಲ್ಲಿ ಊರಿಗೆ ಮರಳಿ, ಕಾರು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದರಂತೆ. ಗಂಡ ಆ ದಿನದ ಪತ್ರಿಕೆಯನ್ನು ಮುಂದಿಟ್ಟರಂತೆ. ಅದರಲ್ಲಿ ಜಖಂಗೊಂಡ ಕಾರಿನ ಚಿತ್ರವಿತ್ತು.

ಕೋತಿಯೊಂದು ಕಾರಿನಲ್ಲಿ ಕೂತು ರೇಸ್ ಗೆದ್ದಿತ್ತು ಎನ್ನುತ್ತಾರೆ. ನಿಜವೇ?

ನಿಜ. 1953ರಲ್ಲಿ ಟಿಮ್ ಫ್ಲಾಕ್ ‘ಜಾಕೋ ಫ್ಲಾಕೋ’ ಎಂಬ ಕೋತಿಯನ್ನು ಪುಟ್ಟ ಆಸನದಲ್ಲಿ ಕೂರಿಸಿಕೊಂಡು ಓಡಿಸಿದರು ಮತ್ತು ನಾರ್ತ್ ಕ್ಯಾರೊಲೈನಾದ ಹಿಕರಿಯಲ್ಲಿ ಗೆದ್ದರು. ಅದೇ ತಿಂಗಳು ರಾಲೀ ಪಂದ್ಯದಲ್ಲಿ ಅದು ಬಿಡಿಸಿಕೊಂಡು ಕಾರಿನೊಳಗೆ ರಂಪ ಎಬ್ಬಿಸಿದ್ದರಿಂದ ಪಿಟ್‌ಗೆ (ಟ್ರ್ಯಾಕಿನ ಪಕ್ಕದ ದುರಸ್ತಿ ಜಾಗ) ಬಂದು ಅದನ್ನು ಇಳಿಸಬೇಕಾಯಿತು, ಫ್ಲಾಕ್ ಮೂರನೆಯವರಾದರು.

ಮಣ್ಣಿನಿಂದ ಡಾಂಬರಿಗೆ ಬದಲಾದದ್ದು ಯಾವಾಗ?

ಒಂದೇ ದಿನದಲ್ಲಿ ಆದ ಬದಲಾವಣೆಯಲ್ಲ, ಆದರೆ ಬಾಗಿಲು ತೆರೆದದ್ದು ಸೌತ್ ಕ್ಯಾರೊಲೈನಾದ ಡಾರ್ಲಿಂಗ್ಟನ್. ಹೆರಾಲ್ಡ್ ಬ್ರಾಸಿಂಗ್ಟನ್ ಎಂಬುವರು ಅಲ್ಲಿ ಹೊಲದ ಮಧ್ಯೆ 1.25 ಮೈಲಿಯ ಡಾಂಬರು ಟ್ರ್ಯಾಕ್ ಕಟ್ಟಿದರು. ಜಮೀನು ಮಾರಿದವರು ತಮ್ಮ ಮೀನಿನ ಕೊಳ ಹಾಳಾಗಬಾರದೆಂದು ಷರತ್ತು ಹಾಕಿದ್ದರಿಂದ ಒಂದು ಕಡೆಯ ತಿರುವನ್ನು ಕಿರಿದು ಮಾಡಬೇಕಾಯಿತು. ಟ್ರ್ಯಾಕ್ ಮೊಟ್ಟೆಯಾಕಾರದಲ್ಲಿ ನಿಂತದ್ದು ಹೀಗೆ, ಇಂದಿಗೂ ಹಾಗೆಯೇ ಇದೆ. 1950ರ ಸೆಪ್ಟೆಂಬರ್ 4ರಂದು 75 ಕಾರುಗಳು ಸಾಲಿಗೆ ಮೂರರಂತೆ ಹೊರಟವು. ಡಾಂಬರಿನ ಕಾವಿಗೆ ಟೈರುಗಳು ಒಂದಾದ ಮೇಲೊಂದು ಸಿಡಿದವು. ಒಳಾವರಣದಲ್ಲಿ ನಿಲ್ಲಿಸಿದ್ದ ಪ್ರೇಕ್ಷಕರ ಕಾರುಗಳಿಂದಲೇ ಟೈರು ಕಳಚಿ ಹಾಕಿಕೊಂಡರೆಂಬ ನೆನಪು ಇಂದಿಗೂ ಜೀವಂತವಾಗಿದೆ. ಎಲ್ಲರಿಗಿಂತ ನಿಧಾನವಾಗಿ ಅರ್ಹತೆ ಪಡೆದವರ ಸಾಲಿನಲ್ಲಿದ್ದ ಜಾನಿ ಮ್ಯಾಂಟ್ಸ್, ಗಟ್ಟಿ ಟೈರು ಹಾಕಿದ್ದ ಹಗುರ ಪ್ಲಿಮತ್ ಕಾರಿನಲ್ಲಿ, ಆರು ಗಂಟೆಗೂ ಹೆಚ್ಚು ಹೊತ್ತು ನಡೆದ ಆ ಪಂದ್ಯವನ್ನು ಗೆದ್ದರು.

ಚಾಲಕರ ಸುರಕ್ಷತೆಗೆ ಏನು ವ್ಯವಸ್ಥೆ ಇತ್ತು?

ಬಹಳ ಕಡಿಮೆ. ಸೇನೆಯ ಹಳೆಯ ವಿಮಾನಗಳ ಸೊಂಟದ ಪಟ್ಟಿ, ಬಾಗಿಲು ತೆರೆದುಕೊಳ್ಳದಂತೆ ಬಿಗಿದ ಚರ್ಮದ ಬೆಲ್ಟು ಅಥವಾ ಹಗ್ಗ, ತಲೆಗೊಂದು ತೆಳು ಹೆಲ್ಮೆಟ್. ಟೈರಿನ ಸವೆತ ನೋಡಲೆಂದು ಕೆಲವರು ಕಾರಿನ ನೆಲದಲ್ಲಿ ಕಿಂಡಿ ಕೊರೆಸಿಕೊಂಡಿದ್ದರು. ಬದಲಾವಣೆಗೆ ಪ್ರಾಣಗಳನ್ನೇ ತೆರಬೇಕಾಯಿತು. 1964ರ ಮೇ ತಿಂಗಳಲ್ಲಿ ಷಾರ್ಲಟ್‌ನಲ್ಲಿ ಬೆಂಕಿಗೆ ಸಿಲುಕಿದ ಫೈರ್‌ಬಾಲ್ ರಾಬರ್ಟ್ಸ್ ಜುಲೈ 2ರಂದು ತೀರಿಕೊಂಡರು. ಸುಲಭವಾಗಿ ಒಡೆಯದ ಇಂಧನ ಟ್ಯಾಂಕು ರೂಢಿಗೆ ಬಂದದ್ದು ಆ ದುರಂತದ ನಂತರ.

ಅಭಿಮಾನಿಗಳ ನೆನಪುಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಯಾವುದಕ್ಕೆ ನಂಬುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. ದಿನಾಂಕ, ಸುತ್ತುಗಳ ಸಂಖ್ಯೆ, ಜನ ಎಷ್ಟು ಸೇರಿದ್ದರು ಎಂಬಂಥ ವಿಷಯಗಳಲ್ಲಿ ನೆನಪು ಜಾರುತ್ತದೆ. ಎರಡು ವರ್ಷಗಳ ಪಂದ್ಯಗಳು ಒಂದೇ ಆಗಿ ಬೆರೆತುಹೋಗುತ್ತವೆ. ಮ್ಯಾಂಟ್ಸ್ ಅವರ ಟೈರುಗಳನ್ನೇ ನೋಡಿ: ಲಾರಿಯ ಟೈರು ಹಾಕಿದ್ದರು ಎಂದು ಕೆಲವರು, ರೇಸಿಗೆಂದೇ ಮಾಡಿದ ಗಟ್ಟಿ ರಬ್ಬರಿನವು ಎಂದು ಇನ್ನು ಕೆಲವರು ಆಣೆಯಿಟ್ಟು ಹೇಳುತ್ತಾರೆ. ಇಂಥ ಕಡೆ ಮರುದಿನದ ಪತ್ರಿಕೆ, ಛಾಯಾಚಿತ್ರ, ಟಿಕೆಟ್ಟಿನ ಹರಕು ಸಿಕ್ಕರೆ ಅವುಗಳೊಂದಿಗೆ ತಾಳೆ ನೋಡಬೇಕು.

ಆದರೆ ಪತ್ರಿಕೆಯವರು ಬರೆಯದೆ ಬಿಟ್ಟದ್ದನ್ನು ಹೇಳಬಲ್ಲವರು ಈ ಪ್ರೇಕ್ಷಕರೇ. ಬೇಲಿಯ ಯಾವ ಬದಿಯಲ್ಲಿ ಯಾರು ಕೂರುತ್ತಿದ್ದರು, ಯಾವ ಚಾಲಕನಿಗೆ ಜನ ಕೂಗು ಹಾಕುತ್ತಿದ್ದರು, ಸ್ಕಾಟ್ ಅವರ ಕಾರು ಸಾಗುವಾಗ ಯಾರು ಚಪ್ಪಾಳೆ ತಟ್ಟಿದರು, ಯಾರು ಬೈದರು ಎಂಬುದು ಫಲಿತಾಂಶದ ಪಟ್ಟಿಯಲ್ಲಿ ಸಿಗುವುದಿಲ್ಲ. ಆ ಪೀಳಿಗೆಯವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವಾಗ, ಸಣ್ಣಪುಟ್ಟ ತಪ್ಪುಗಳ ನೆಪದಲ್ಲಿ ಅವರ ಮಾತನ್ನು ತಳ್ಳಿಹಾಕುವುದು ದೊಡ್ಡ ನಷ್ಟ ಎಂದು ನಾನು ನಂಬಿದ್ದೇನೆ.

ಆ ಕಾಲದ ಕುರುಹುಗಳನ್ನು ಇಂದು ಎಲ್ಲಿ ನೋಡಬಹುದು?

ಷಾರ್ಲಟ್‌ನಲ್ಲಿ 2010ರಲ್ಲಿ ತೆರೆದ ನಾಸ್ಕಾರ್ ಹಾಲ್ ಆಫ್ ಫೇಮ್‌ನಲ್ಲಿ, ವಿಲ್ಕ್ಸ್ ಕೌಂಟಿಯ ಜೂನಿಯರ್ ಜಾನ್ಸನ್ ತಮ್ಮ ಕೈಯಾರೆ ಕಟ್ಟಿಕೊಟ್ಟ ಭಟ್ಟಿಯೊಂದಿದೆ. ತಂದೆಯ ಭಟ್ಟಿಯ ಬಳಿ 1956ರಲ್ಲಿ ಸಿಕ್ಕಿಬಿದ್ದು ಜೈಲು ಸೇರಿದ್ದ ಜಾನ್ಸನ್ 50 ಪಂದ್ಯ ಗೆದ್ದವರು. 1986ರಲ್ಲಿ ಅಧ್ಯಕ್ಷ ರೇಗನ್ ಅವರಿಗೆ ಕ್ಷಮಾದಾನ ನೀಡಿದರು. ಡಾಸನ್‌ವಿಲ್‌ನಲ್ಲಿ ಲಾಯ್ಡ್ ಸೀ ಅವರ ಸಮಾಧಿಯಿದೆ. 1941ರ ಸೆಪ್ಟೆಂಬರ್ 1ರಂದು ಲೇಕ್‌ವುಡ್‌ನಲ್ಲಿ ಗೆದ್ದ ಅವರನ್ನು ಮರುದಿನವೇ, ಸಾರಾಯಿಗೆ ಬೇಕಾದ ಸಕ್ಕರೆಯ ಲೆಕ್ಕದ ಜಗಳದಲ್ಲಿ, ಸೋದರಸಂಬಂಧಿಯೊಬ್ಬರು ಗುಂಡಿಕ್ಕಿ ಕೊಂದರು. ಸಮಾಧಿಯ ಕಲ್ಲಿನಲ್ಲಿ ಅವರ ಫೋರ್ಡ್ ಕೂಪೆಯನ್ನು ಕೆತ್ತಿ, ಅದರ ಕಿಟಕಿಯ ಜಾಗದಲ್ಲಿ ಅವರ ಭಾವಚಿತ್ರ ಕೂರಿಸಿದ್ದಾರೆ.

ರಾಲೀ, ಕ್ಯಾರಿ, ಡರಮ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಹಿಲ್ಸ್‌ಬರೋ ಹತ್ತಿರದ ಊರು. ಅಲ್ಲಿಯ ಆಕೊನೀಚಿ ಸ್ಪೀಡ್‌ವೇ 1968ರಲ್ಲಿ ಮುಚ್ಚಿ ಈಗ ಕಾಡಿನ ನಡುವಿನ ಕಾಲುದಾರಿಯಾಗಿದೆ. ಮಣ್ಣಿನ ಹಳೆಯ ಟ್ರ್ಯಾಕಿನ ಮೇಲೆಯೇ ನಡೆದು ಒಂದು ಸುತ್ತು ಬರಬಹುದು. ವರ್ಜೀನಿಯಾದ ಮಾರ್ಟಿನ್ಸ್‌ವಿಲ್ 1947ರಿಂದ ಇಂದಿನವರೆಗೂ ನಡೆಯುತ್ತಿದೆ. 2010ರಲ್ಲಿ ನಮ್ಮ ನಾರಾಯಣ್ ಕಾರ್ತಿಕೇಯನ್ ನಾಸ್ಕಾರ್‌ನ ಟ್ರಕ್ ಸರಣಿಗೆ ಕಾಲಿಟ್ಟದ್ದು ಅಲ್ಲಿಯೇ. 1996ರ ನಂತರ ಅಗ್ರಶ್ರೇಣಿಯನ್ನು ಕಳೆದುಕೊಂಡು ಪಾಳುಬಿದ್ದಿದ್ದ ನಾರ್ತ್ ವಿಲ್ಕ್ಸ್‌ಬರೋ, ಅಭಿಮಾನಿಗಳ ಒತ್ತಾಯದ ಫಲವಾಗಿ ದುರಸ್ತಿಯಾಗಿ 2023ರ ಮೇ ತಿಂಗಳಲ್ಲಿ ಮತ್ತೆ ದೊಡ್ಡ ಪಂದ್ಯ ಕಂಡಿತು.

ಪರಿಚಯದ ಹಿರಿಯರೊಬ್ಬರು ಆ ಪಂದ್ಯಗಳನ್ನು ನೋಡಿದ್ದಾರೆ. ಅವರಿಂದ ಏನು ಕೇಳಿ ದಾಖಲಿಸಿಕೊಳ್ಳಬೇಕು?

ಗೆದ್ದವರು ಯಾರೆಂಬ ಪ್ರಶ್ನೆಯಿಂದ ಶುರು ಮಾಡಬೇಡಿ, ಅದು ಪುಸ್ತಕಗಳಲ್ಲಿದೆ. ಯಾರ ಜೊತೆ ಹೋಗಿದ್ದಿರಿ, ಯಾವ ತಿರುವಿನಲ್ಲಿ ಕೂತಿದ್ದಿರಿ, ಬುತ್ತಿಯಲ್ಲಿ ಏನಿತ್ತು, ಮನೆಯಲ್ಲಿ ಯಾವ ಕಾರಿತ್ತು, ಸುತ್ತು ಎಣಿಸಲು ನಿಮಗೆ ಗೊತ್ತಿದ್ದವರು ಯಾರಾದರೂ ಇದ್ದರೇ ಎಂದು ಕೇಳಿ. ಹಳೆಯ ಫೋಟೊ ಇದ್ದರೆ ಅದನ್ನು ಮುಂದಿಟ್ಟುಕೊಂಡು ಮಾತಾಡಿಸಿ. ಕಾರಿನ ನಂಬರು ಕಂಡ ಕೂಡಲೇ ಮರೆತಿದ್ದ ಹೆಸರುಗಳು ತಾವಾಗಿ ಬರುತ್ತವೆ. ನಡುವೆ ತಪ್ಪು ವರ್ಷ ಹೇಳಿದರೆ ತಿದ್ದಲು ಹೋಗದೆ ಹೇಳಿದ ಹಾಗೆಯೇ ಧ್ವನಿಮುದ್ರಿಸಿಕೊಂಡು, ಸರಿಯಾದ ವರ್ಷವನ್ನು ಆಮೇಲೆ ಬೇರೆಯಾಗಿ ಬರೆದಿಡಿ. ಫೋಟೊದ ಹಿಂಬದಿಯಲ್ಲಿ ಟ್ರ್ಯಾಕಿನ ಹೆಸರು, ಕಾರಿನ ನಂಬರು, ಮಾತಾಡಿದವರ ಹೆಸರು ಇಷ್ಟನ್ನು ಪೆನ್ಸಿಲ್ಲಿನಲ್ಲಿ ಅಂದೇ ಬರೆಯುವುದನ್ನು ಮರೆಯಬೇಡಿ.